ಟಸ್ಕೀಗಿಯ ಮೋಟನ್ ಫೀಲ್ಡ್: ಹೊರಡುವ ಮುಂಚೆ ಗಡಿಯಾರ ನೋಡಿಕೊಳ್ಳಿ

ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕ ಸೈನ್ಯದ ಮೊದಲ ಕಪ್ಪು ಪೈಲಟ್‌ಗಳು, ಅಂದರೆ 'ಟಸ್ಕೀಗಿ ಏರ್‌ಮೆನ್', ಹಾರಾಟ ಕಲಿತ ಊರು ಅಲಬಾಮಾ ರಾಜ್ಯದ ಟಸ್ಕೀಗಿ. ಅಟ್ಲಾಂಟಾ ಕಡೆಯಿಂದ ಅಲ್ಲಿಗೆ ಹೊರಡುವವರಿಗೆ ಮೊದಲ ಮಾತು. ಅಲಬಾಮಾ ಗಡಿ ದಾಟಿದ ಕೂಡಲೇ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಇಷ್ಟು ವರ್ಷದಿಂದ ಇಲ್ಲೇ ಇದ್ದರೂ ನನಗೆ ಅವತ್ತು ಅದು ನೆನಪಾಗಲಿಲ್ಲ. ಬೆಳಗ್ಗೆ ಆರೂವರೆಗೆ ಎಲ್ಲರನ್ನೂ ಎಬ್ಬಿಸಿ, ಗದರಿಸಿ, ಕಾರಿಗೆ ತುಂಬಿಕೊಂಡು ಹೊರಟೆ. ಎರಡು ಗಂಟೆ ಚಿಲ್ಲರೆ ಓಡಿಸಿದ ಮೇಲೆ ನೋಡಿದರೆ ಅಲ್ಲಿ ಇನ್ನೂ ಏಳೂಮುಕ್ಕಾಲು.

ಇದರ ಜೊತೆಗೆ ಇನ್ನೊಂದು ತಪ್ಪೂ ಆಯಿತು. ಫೋನಿನಲ್ಲಿ ನಾನು 'ಟಸ್ಕೀಗಿ ಆರ್ಮಿ ಏರ್‌ಫೀಲ್ಡ್' ಅಂತ ಟೈಪ್ ಮಾಡಿದ್ದೆ. ಅದು ನಮ್ಮನ್ನು ಊರಾಚೆಯ ಕಾಡುದಾರಿಯಲ್ಲಿ ಸುತ್ತಿಸಿ, ಬೀಗ ಹಾಕಿದ ಒಂದು ಗೇಟಿನ ಮುಂದೆ ತಂದು ನಿಲ್ಲಿಸಿತು. ಖಾಸಗಿ ಜಾಗ, ಒಳಗೆ ಬರಬೇಡಿ ಅಂತ ಬೋರ್ಡು. ಮಾವನವರು ಹಿಂದಿನ ಸೀಟಿನಿಂದ, "ಅಳಿಯಂದಿರೇ, ಎಚ್‌ಎಎಲ್‌ನಲ್ಲಿ ಫಸ್ಟ್ ಶಿಫ್ಟಿಗೂ ನಾನು ಇಷ್ಟು ಬೇಗ ಹೋದವನಲ್ಲ. ಇಲ್ಲಿ ನೋಡಿದರೆ ಗೇಟೂ ತೆಗೆದಿಲ್ಲ" ಅಂದರು. ದಾರಿ ತಪ್ಪಿ ಸುತ್ತಿದ ಸಮಯ, ಬೇಗ ಬಂದಿದ್ದಕ್ಕೆ ವಜಾ ಆಯಿತು ಅನ್ನಿ. ನೀವು ಮಾತ್ರ 'ಟಸ್ಕೀಗಿ ಏರ್‌ಮೆನ್ ನ್ಯಾಷನಲ್ ಹಿಸ್ಟಾರಿಕ್ ಸೈಟ್' ಅಂತಲೇ ಹುಡುಕಿ. ವಿಳಾಸ 1616 ಚಾಪಿ ಜೇಮ್ಸ್ ಅವೆನ್ಯೂ. ಐ-85 ಹೆದ್ದಾರಿಯಲ್ಲಿ 38ನೇ ಎಕ್ಸಿಟ್ ತೆಗೆದುಕೊಂಡರೆ ಹತ್ತಿರವೇ.

ಹೀಗೆ ಗೊಂದಲ ಆಗುವುದಕ್ಕೆ ಕಾರಣ ಇದೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಈ ಪುಟ್ಟ ಊರಿಗೆ ಎರಡು ತರಬೇತಿ ಮೈದಾನ ಇದ್ದವು. ಒಂದು ಮೋಟನ್ ಫೀಲ್ಡ್. ಇದು ಟಸ್ಕೀಗಿ ಇನ್‌ಸ್ಟಿಟ್ಯೂಟಿನದು, ಅಂದರೆ ಕಪ್ಪು ಜನರಿಗಾಗಿ ಶುರುವಾದ ಕಾಲೇಜು, ಈಗಿನ ಟಸ್ಕೀಗಿ ವಿಶ್ವವಿದ್ಯಾಲಯ. ಮೊದಲ ಮುಖ್ಯಸ್ಥ ಬುಕರ್ ಟಿ. ವಾಷಿಂಗ್ಟನ್ ನಂತರ ಆ ಸಂಸ್ಥೆಯನ್ನು ನಡೆಸಿದ ರಾಬರ್ಟ್ ಮೋಟನ್ ಅವರ ಹೆಸರು ಇದಕ್ಕೆ. ಸೈನ್ಯದ ಜೊತೆ ಕರಾರು ಮಾಡಿಕೊಂಡು ಮೊದಲ ಹಂತದ ಹಾರಾಟವನ್ನು ಇಲ್ಲಿ ಕಲಿಸುತ್ತಿದ್ದರು. ಕಲಿಸುವವರಲ್ಲಿ ಹೆಚ್ಚಿನವರು ಕಪ್ಪು ಜನಾಂಗದ ನಾಗರಿಕರು. ಇಲ್ಲಿ ಪಾಸಾದವರು ಕೆಲವು ಮೈಲಿ ಆಚೆಗಿದ್ದ ಸೈನ್ಯದ ದೊಡ್ಡ ಮೈದಾನಕ್ಕೆ ಹೋಗುತ್ತಿದ್ದರು. ನಾವು ದಾರಿ ತಪ್ಪಿ ಹೋಗಿದ್ದು ಅಲ್ಲಿಗೇ. ಈಗ ಅಲ್ಲಿ ನೋಡುವುದಕ್ಕೆ ಏನೂ ಇಲ್ಲ.

ಆ ದೊಡ್ಡ ಮೈದಾನ ಯಾಕೆ ಕಟ್ಟಿದರು ಅನ್ನುವುದೇ ಇಡೀ ಕಥೆ. ಇಲ್ಲಿಂದ 40 ಮೈಲಿಯಲ್ಲಿ ಮಾಂಟ್‌ಗೊಮರಿ. ಅಲ್ಲಿ ಮ್ಯಾಕ್ಸ್‌ವೆಲ್ ಫೀಲ್ಡ್ ಆಗಲೇ ಇತ್ತು. ಬಿಳಿಯ ಹುಡುಗರು ಅಲ್ಲಿ ಕಲಿಯುತ್ತಿದ್ದರು. ಕಪ್ಪು ಹುಡುಗರನ್ನು ಅದೇ ಜಾಗಕ್ಕೆ ಸೇರಿಸಿಕೊಳ್ಳಲು ಸೈನ್ಯ ಒಪ್ಪಲಿಲ್ಲ. ಯುದ್ಧದ ಕಾಲ, ಕಬ್ಬಿಣ ಸಿಮೆಂಟಿಗೆಲ್ಲ ತತ್ವಾರ. ಆದರೂ ಪಕ್ಕದಲ್ಲೇ ಇನ್ನೊಂದು ರನ್‌ವೇ, ಇನ್ನೊಂದು ಆಸ್ಪತ್ರೆ, ಇನ್ನೊಂದು ಊಟದ ಮನೆ. ಕಪ್ಪು ಜನರಿಗೆ ಯುದ್ಧದಲ್ಲಿ ಜವಾಬ್ದಾರಿ ಹೊರುವ ಶಕ್ತಿ ಇಲ್ಲ ಅಂತ 1925ರಲ್ಲಿ ಸೈನ್ಯದ ಕಾಲೇಜೊಂದು ವರದಿಯನ್ನೇ ಬರೆದಿತ್ತು. ಪತ್ರಿಕೆಗಳು, ಸಂಘಟನೆಗಳು ಬೆನ್ನುಬಿದ್ದ ಮೇಲೆ 1941ರಲ್ಲಿ 'ಪ್ರಯೋಗ' ಅಂತ ಶುರು ಮಾಡಿದರು. ಮಡಿ-ಮೈಲಿಗೆ ಲೆಕ್ಕ ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಬಿಡಿ.

ಸರಿ, ಈಗ ಜಾಗಕ್ಕೆ ಬರೋಣ. ಪಾರ್ಕಿಂಗ್ ಮೇಲಿದೆ, ಹ್ಯಾಂಗರ್‌ಗಳು, ಅಂದರೆ ವಿಮಾನ ನಿಲ್ಲಿಸುವ ಕಟ್ಟಡಗಳು, ಕೆಳಗಿವೆ. ಇಳಿಯುವುದು ಸಲೀಸು, ವಾಪಸ್ ಹತ್ತುವಾಗ ಮಂಡಿ ನೋವಿನವರಿಗೆ ಕಷ್ಟ. ಹಿರಿಯರಿದ್ದರೆ ಮೊದಲೇ ಅಲ್ಲಿನ ಸಿಬ್ಬಂದಿಗೆ ಹೇಳಿ. ಪ್ರವೇಶಕ್ಕೆ ದುಡ್ಡಿಲ್ಲ. ತೆರೆದಿರುವ ದಿನ, ಹೊತ್ತು ಬದಲಾಗುತ್ತಿರುತ್ತದೆ. ಹಾಗಾಗಿ ಹಿಂದಿನ ದಿನ ನ್ಯಾಷನಲ್ ಪಾರ್ಕ್ ಸರ್ವೀಸಿನ ಪುಟ ನೋಡಿಕೊಂಡೇ ಹೊರಡಿ. ಜುಲೈ, ಆಗಸ್ಟ್ ಬೇಡವೇ ಬೇಡ. ಮಂಗಳೂರಿನ ಮೇ ತಿಂಗಳಂಥ ಸೆಕೆ. ಮಾರ್ಚ್ ಅಥವಾ ಅಕ್ಟೋಬರ್ ಕೊನೆ ಚೆನ್ನ.

ಹೆಚ್ಚಿನವರು ನೇರವಾಗಿ ಎರಡನೇ ಹ್ಯಾಂಗರಿಗೆ ಓಡುತ್ತಾರೆ. ಅಲ್ಲಿ ಕೆಂಪು ಬಾಲದ ಪಿ-51 ಮಸ್ಟಾಂಗ್ ಯುದ್ಧವಿಮಾನ ಇದೆ, ಫೋಟೊಗೆ ಚೆನ್ನಾಗಿ ಬರುತ್ತದೆ. ನನ್ನ ಮಾತು ಕೇಳಿ, ಮೊದಲ ಹ್ಯಾಂಗರಿಗೆ ಜಾಸ್ತಿ ಸಮಯ ಕೊಡಿ. ಆ ಮಸ್ಟಾಂಗ್ ಪ್ರತಿಕೃತಿ. ಕಟ್ಟಡವೂ 1989ರಲ್ಲಿ ಸುಟ್ಟುಹೋಗಿ ಆಮೇಲೆ ಮತ್ತೆ ಕಟ್ಟಿದ್ದು. ಅಲ್ಲದೆ ಈ ಹುಡುಗರು ಮಸ್ಟಾಂಗ್ ಹಾರಿಸಿದ್ದು ಯುರೋಪಿನಲ್ಲಿ. ಇಲ್ಲಿ ಅವರು ಕಲಿತದ್ದು ಸ್ಟಿಯರ್‌ಮನ್ ಪಿಟಿ-17ರಲ್ಲಿ. ಎರಡು ಜೊತೆ ರೆಕ್ಕೆ, ತಲೆ ಮೇಲೆ ಮುಚ್ಚಳ ಇಲ್ಲ, 220 ಅಶ್ವಶಕ್ತಿಯ ಎಂಜಿನ್, ಮೈಗೆ ಬಟ್ಟೆ.

ಆ ಬಟ್ಟೆಯ ಮುಂದೆ ಮಾವನವರು ಹತ್ತು ನಿಮಿಷ ನಿಂತರು. ಅವರು ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದವರು. ಮುಟ್ಟುವ ಹಾಗಿಲ್ಲ, ಆದ್ದರಿಂದ ಕೈ ಹಿಂದೆ ಕಟ್ಟಿಕೊಂಡು, ಕನ್ನಡಕ ಮೇಲೆತ್ತಿ, ಮೂಗು ತಾಗುವಷ್ಟು ಬಗ್ಗಿ ನೋಡಿದರು. "ಪುಷ್ಪಕ್ ವಿಮಾನಕ್ಕೂ ಇದೇ ಕಣಮ್ಮ" ಅಂತ ನನ್ನ ಮಗಳಿಗೆ ಹೇಳಿದರು. "ಬಟ್ಟೆ ಎಳೆದು ಕಟ್ಟಿ, ಅದು ಬಿಗಿಯಾಗಲಿ ಅಂತ ಡೋಪ್ ಅನ್ನೋ ಲೇಪ ಬಳೀತಿದ್ವಿ. ಒಣಗಿದ ಮೇಲೆ ಬೆರಳಲ್ಲಿ ಬಡಿದರೆ ತಮಟೆ ಥರ ಸದ್ದು ಬರಬೇಕು. ಬರದಿದ್ದರೆ ಮತ್ತೆ ಒಂದು ಕೋಟು. ಆ ವಾಸನೆ ಮನೆಗೆ ಬಂದರೂ ಹೋಗ್ತಿರಲಿಲ್ಲ."

ಪಕ್ಕದಲ್ಲಿದ್ದ ರೇಂಜರ್ ಹೆಂಗಸು ಇವರ ಆಸಕ್ತಿ ನೋಡಿ ಹತ್ತಿರ ಬಂದರು. ಕಲಿಸುವವನು ಮುಂದಿನ ಸೀಟು, ಕಲಿಯುವವನು ಹಿಂದೆ. ರೇಡಿಯೊ ಇಲ್ಲ. ಒಂದು ರಬ್ಬರ್ ಕೊಳವೆ, ಅದಕ್ಕೆ ಗಾಸ್‌ಪೋರ್ಟ್ ಅಂತ ಹೆಸರು. ಗುರು ಬಾಯಿ ಹತ್ತಿರ ಇಟ್ಟುಕೊಂಡು ಕೂಗಿದ್ದು ಶಿಷ್ಯನ ಕಿವಿಗೆ ಬೀಳುತ್ತದೆ. ಶಿಷ್ಯನ ಮಾತು ಮುಂದಕ್ಕೆ ಹೋಗುವುದಿಲ್ಲ. "ಹಾಗಾದ್ರೆ ಡೌಟ್ ಬಂದ್ರೆ?" ಅಂತ ಮಗಳು ಕೇಳಿದಳು. ಮೇಲಿನ ರೆಕ್ಕೆಗೆ ಸಿಕ್ಕಿಸಿದ್ದ ಚಿಕ್ಕ ಕನ್ನಡಿಯಲ್ಲಿ ಗುರು ಶಿಷ್ಯನ ಮುಖ ನೋಡುತ್ತಿದ್ದರಂತೆ. ಅರ್ಥವಾದರೆ ತಲೆ ಆಡಿಸಬೇಕು, ಅಷ್ಟೆ. ಈ ವಿಮಾನದ ಮುಂದಿನ ಎರಡು ಚಕ್ರಗಳ ನಡುವೆ ಅಂತರ ಕಡಿಮೆ. ಇಳಿಯುವಾಗ ಸ್ವಲ್ಪ ಎಚ್ಚರ ತಪ್ಪಿದರೂ ಬುಗುರಿ ಥರ ಸುತ್ತಿ ರೆಕ್ಕೆ ನೆಲಕ್ಕೆ ತಾಗುತ್ತಿತ್ತು.

ಹ್ಯಾಂಗರಿನ ಉಳಿದ ಭಾಗವನ್ನು 1940ರ ದಶಕದಲ್ಲಿ ಇದ್ದ ಹಾಗೆ ಜೋಡಿಸಿದ್ದಾರೆ. ಮೇಜು, ಟೆಲಿಫೋನು, ಉಪಕರಣ, ಬಿಚ್ಚಿಟ್ಟ ಎಂಜಿನ್. ಹಿನ್ನೆಲೆಯಲ್ಲಿ ಸುತ್ತಿಗೆಯ ಸದ್ದು, ಮಾತುಕತೆ ಕೇಳಿಸುತ್ತಿರುತ್ತದೆ. ಮುಖ್ಯ ತರಬೇತುದಾರ ಚಾರ್ಲ್ಸ್ ಆಲ್ಫ್ರೆಡ್ ಆಂಡರ್ಸನ್. ಎಲ್ಲರಿಗೂ ಅವರು 'ಚೀಫ್'. 1941ರ ಮಾರ್ಚ್ 29ರಂದು ಅಧ್ಯಕ್ಷರ ಪತ್ನಿ ಎಲಿನಾರ್ ರೂಸ್‌ವೆಲ್ಟ್ ಟಸ್ಕೀಗಿಗೆ ಬಂದು, ಬೇಡ ಬೇಡ ಅಂದರೂ ಕೇಳದೆ ಇವರ ಹಿಂದೆ ಕೂತು ಒಂದು ಸುತ್ತು ಹಾರಿದರು. ಆ ಫೋಟೊ ಮಾಡಿದ ಕೆಲಸವನ್ನು ಹತ್ತು ಭಾಷಣ ಮಾಡುತ್ತಿರಲಿಲ್ಲ. ಮೋಟನ್ ಫೀಲ್ಡ್ ಕಟ್ಟಲು ರೋಸನ್‌ವಾಲ್ಡ್ ಫಂಡ್ ಅನ್ನುವ ದತ್ತಿ ಸಂಸ್ಥೆ 1,75,000 ಡಾಲರ್ ಸಾಲ ಕೊಟ್ಟಿತು. ಎಲಿನಾರ್ ಅದರ ಟ್ರಸ್ಟಿ.

ಮೊದಲ ತಂಡದಲ್ಲಿ 13 ಜನ ಶುರು ಮಾಡಿದರು. 1942ರ ಮಾರ್ಚಿನಲ್ಲಿ ರೆಕ್ಕೆಯ ಬ್ಯಾಡ್ಜು ಸಿಕ್ಕಿದ್ದು ಐವರಿಗೆ. ಅವರಲ್ಲೊಬ್ಬರು ಬೆಂಜಮಿನ್ ಡೇವಿಸ್ ಜೂನಿಯರ್. ವೆಸ್ಟ್ ಪಾಯಿಂಟ್ ಸೈನಿಕ ಕಾಲೇಜಿನಲ್ಲಿ ನಾಲ್ಕು ವರ್ಷ ಯಾರೂ ಅವರ ಜೊತೆ ಕೆಲಸಕ್ಕೆ ಮೀರಿ ಒಂದು ಮಾತೂ ಆಡಿರಲಿಲ್ಲ. ಒಬ್ಬರೇ ಒಂದು ರೂಮು. ಯುದ್ಧ ಮುಗಿಯುವ ಹೊತ್ತಿನವರೆಗೆ ಮತ್ತು ಆಮೇಲೆ ಸ್ವಲ್ಪ ಕಾಲ, ಒಟ್ಟು 992 ಪೈಲಟ್‌ಗಳು ಟಸ್ಕೀಗಿಯಿಂದ ಹೊರಬಂದರು.

ಎರಡನೇ ಹ್ಯಾಂಗರಿಗೆ ಹೋಗುವಾಗ ಒಂದು ವಿಷಯ ತಲೆಯಲ್ಲಿರಲಿ. ಯುರೋಪಿನಲ್ಲಿ ಇವರಿಗೆ ಸಿಕ್ಕಿದ ದೊಡ್ಡ ಕೆಲಸ, ಬಾಂಬ್ ಹಾಕಲು ಹೋಗುವ ಬಾಂಬರ್ ವಿಮಾನಗಳಿಗೆ ಕಾವಲಾಗಿ ಹಾರುವುದು. 'ಇವರು ಕಾವಲಿದ್ದಾಗ ಒಂದೇ ಒಂದು ಬಾಂಬರ್ ವಿಮಾನ ಕಳೆದುಕೊಳ್ಳಲಿಲ್ಲ' ಅನ್ನುವ ಮಾತು ಎಲ್ಲ ಕಡೆ ಕೇಳಿಸುತ್ತದೆ. ಅದು ನಿಜ ಅಲ್ಲ. ವಾಯುಪಡೆಯ ದಾಖಲೆಗಳನ್ನು ಕೂತು ತಿರುವಿದವರು ಕಳೆದುಹೋದದ್ದು 27 ಅಂತ ಲೆಕ್ಕ ಹಾಕಿದ್ದಾರೆ. ಬೇರೆ ಕಾವಲು ಪಡೆಗಳ ಸರಾಸರಿಗಿಂತ ಅದು ಎಷ್ಟೋ ಕಡಿಮೆ. ಇಷ್ಟು ಸಾಧಿಸಿದವರಿಗೆ ಸುಳ್ಳು ಹೊಗಳಿಕೆಯ ಅಗತ್ಯ ಏನು ಅಂತ ನನಗೆ ಅನ್ನಿಸಿತು.

ಹೊರಗೆ ಬಂದು ಮೈದಾನದ ಅಂಚಿನಲ್ಲಿ ಸುಮ್ನೆ ಅರ್ಧ ಗಂಟೆ ಕೂರಿ. ಆಗ ಇದು ಬರೀ ಹುಲ್ಲಿನ ನೆಲ. ಈಗ ಪಕ್ಕದಲ್ಲಿ ಊರಿನ ಚಿಕ್ಕ ವಿಮಾನ ನಿಲ್ದಾಣ ಇದೆ. ನಾವಿದ್ದಾಗ ಪುಟಾಣಿ ವಿಮಾನ ಒಂದು ಇಳಿಯುವುದಕ್ಕೆ ಬಂದು, ಮನಸ್ಸು ಬದಲಿಸಿ ಮತ್ತೆ ಮೇಲೇರಿತು. ಕಲಿಯುವವರು ಇರಬೇಕು. ಮಾವನವರು ಅಲ್ಲಿ ಕೂತು ಒಂದು ಲೆಕ್ಕ ಹಾಕಿದರು. ಇಲ್ಲಿ ಮೊದಲ ತಂಡ ಪಾಠ ಶುರು ಮಾಡಿದ್ದು 1941ರ ಜುಲೈನಲ್ಲಿ. ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಈಗಿನ ಎಚ್‌ಎಎಲ್) ಜೋಡಿಸಿದ ಮೊದಲ ವಿಮಾನ ಹಾರಿದ್ದು ಅದರ ಮುಂದಿನ ತಿಂಗಳು. ಅದೂ ತರಬೇತಿ ವಿಮಾನವೇ, ಹಾರ್ಲೋ ಅನ್ನುವ ಅಮೆರಿಕದ ವಿನ್ಯಾಸ.

ಊಟದ ವಿಷಯದಲ್ಲಿ ಊರನ್ನು ನಂಬಿ ಹೋಗಬೇಡಿ. ಸಸ್ಯಾಹಾರಿಗಳಿಗೆ ಆಯ್ಕೆ ಕಡಿಮೆ. ಸುಮಾರು 20 ಮೈಲಿ ಹಿಂದೆ ಆಬರ್ನ್ ಸಿಗುತ್ತದೆ, ವಿಶ್ವವಿದ್ಯಾಲಯದ ಊರಾದ್ದರಿಂದ ಅಲ್ಲಿ ಪರವಾಗಿಲ್ಲ. ನಮ್ಮ ಹತ್ತಿರ ಚಿತ್ರಾನ್ನ, ಮೊಸರನ್ನ ಇತ್ತು. ಮಧ್ಯಾಹ್ನ ಟಸ್ಕೀಗಿ ವಿಶ್ವವಿದ್ಯಾಲಯದ ಆವರಣಕ್ಕೆ ಹೋಗಿ. ಬುಕರ್ ಟಿ. ವಾಷಿಂಗ್ಟನ್ ಅವರ ಮನೆ 'ದಿ ಓಕ್ಸ್' ಮತ್ತು ಜಾರ್ಜ್ ವಾಷಿಂಗ್ಟನ್ ಕಾರ್ವರ್ ಮ್ಯೂಸಿಯಂ ಅಲ್ಲಿವೆ. ಎರಡೂ ತೆರೆದಿವೆಯಾ ಅಂತ ಮೊದಲೇ ಕೇಳಿಕೊಳ್ಳಿ. ಕಾರ್ವರ್ ಕಡಲೆಕಾಯಿಯಿಂದ ಏನೆಲ್ಲ ಮಾಡಬಹುದು ಅಂತ ತೋರಿಸಿದವರು. ಗಾಂಧೀಜಿಗೂ ಪತ್ರ ಬರೆದಿದ್ದರು. ಬಸವನಗುಡಿಯ ಪರಿಷೆಯಲ್ಲಿ ಅವರದ್ದೊಂದು ಫೋಟೊ ಇಟ್ಟರೆ ತಪ್ಪಿಲ್ಲ.

ಇನ್ನೊಂದು ದಿನ ಇದ್ದರೆ ಮಾಂಟ್‌ಗೊಮರಿಗೆ ಹೋಗಿ. ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡಲು ಒಪ್ಪದ ರೋಸಾ ಪಾರ್ಕ್ಸ್ ಅವರ ಮ್ಯೂಸಿಯಂ ಎಲ್ಲರೂ ನೋಡುತ್ತಾರೆ, ನೋಡಲೇಬೇಕು. ಅದರ ಜೊತೆಗೆ ಓಕ್‌ವುಡ್ ಸ್ಮಶಾನಕ್ಕೂ ಒಂದು ಗಂಟೆ ಇಟ್ಟುಕೊಳ್ಳಿ. ಅಲ್ಲಿ ಒಂದು ಕಡೆ ಬ್ರಿಟನ್ನಿನ ವಾಯುಪಡೆಯ ಹುಡುಗರ ಸಮಾಧಿ ಸಾಲಾಗಿವೆ. ಹಾರಾಟ ಕಲಿಯಲು ಅಷ್ಟು ದೂರದಿಂದ ಬಂದು, ಹೆಚ್ಚಿನವರು ತರಬೇತಿಯಲ್ಲೇ ಸತ್ತವರು. ಆ ಯುದ್ಧದ ವರ್ಷಗಳಲ್ಲಿ ಅಮೆರಿಕದ ನೆಲದ ಮೇಲೇ ಸೈನ್ಯದ ವಿಮಾನ ಅಪಘಾತಗಳಲ್ಲಿ ಸತ್ತವರು ಸುಮಾರು 15 ಸಾವಿರ. ಮಗಳು ಒಂದು ಕಲ್ಲಿನ ಮೇಲಿದ್ದ ವಯಸ್ಸು ಓದಿ, "ನಮ್ಮ ಅಣ್ಣನಷ್ಟೇ" ಅಂದಳು. ಅವಳು ಹೇಳಿದ್ದು ಕಾಲೇಜಿಗೆ ಹೋಗುತ್ತಿರುವ ನನ್ನ ಅಣ್ಣನ ಮಗನನ್ನು.

ವಾಪಸ್ ಬರುವಾಗ ಬೆಳಗ್ಗೆ ಸಿಕ್ಕಿದ್ದ ಗಂಟೆ ಹೋಗುತ್ತದೆ. ಅಲ್ಲಿ ಎರಡೂವರೆಗೆ ಹೊರಟರೂ ಅಟ್ಲಾಂಟಾದ ಸಂಜೆ ಟ್ರಾಫಿಕ್ಕಿಗೇ ಬಂದು ಸಿಕ್ಕಿಕೊಳ್ಳುತ್ತೀರಿ. ಆಬರ್ನ್‌ನಲ್ಲಿ ಕಾಫಿ ಕುಡಿದು, ನಿಧಾನವಾಗಿ ಏಳು ಗಂಟೆ ದಾಟಿದ ಮೇಲೆ ಊರು ಸೇರಿ.