ನೀವೂ ವಿಭೂತಿ ಹಚ್ಚಿಕೊಳ್ತೀರಾ, ಮಿಸ್?

ವರ್ಷಕ್ಕೆ ಒಂದು ದಿನ ನನ್ನ ಗಣಿತದ ಕ್ಲಾಸು ಹತ್ತು ನಿಮಿಷ ತಡವಾಗಿ ಶುರುವಾಗುತ್ತದೆ. ಬೆಳಿಗ್ಗೆ ಆರರ ಪೂಜೆ ಮುಗಿಸಿ, ಮನೆಗೂ ಹೋಗದೆ ನೇರ ಸ್ಕೂಲಿಗೆ ಬಂದಿರುತ್ತೇನೆ. ಹಣೆಯ ಮೇಲೆ ಬೂದಿಯ ಶಿಲುಬೆ ಇರುತ್ತದೆ. ಬೋರ್ಡಿನ ಕಡೆ ತಿರುಗುವಷ್ಟರಲ್ಲಿ ಯಾರೋ ಒಬ್ಬರು ಕೇಳಿಯೇ ಬಿಡುತ್ತಾರೆ: "ಮಿಸ್, ನೀವು ಕ್ರಿಶ್ಚಿಯನ್ ಅಲ್ವಾ? ನೀವೂ ವಿಭೂತಿ ಹಚ್ಚಿಕೊಳ್ತೀರಾ?"

ಮಕ್ಕಳಷ್ಟೇ ಅಲ್ಲ, ಸ್ಟಾಫ್ ರೂಮಿನಲ್ಲೂ ಇದೇ ಪ್ರಶ್ನೆ. ಈ ವರ್ಷವಂತೂ (2026) ಫೆಬ್ರವರಿ 15ಕ್ಕೆ ಶಿವರಾತ್ರಿ, 18ಕ್ಕೆ ನಮ್ಮ ವಿಭೂತಿ ಬುಧವಾರ. "ಏನ್ ಮೇಡಂ, ಜಾಗರಣೆ ಮುಗಿದು ಮೂರು ದಿನ ಆಯ್ತು, ಇನ್ನೂ ಮುಖ ತೊಳೆದಿಲ್ವಾ?" ಅಂತ ನಮ್ಮ ಪಿಟಿ ಮೇಷ್ಟ್ರು ತಮಾಷೆ ಮಾಡಿದರು. ಅದೇ ವಾರ ರಂಜಾನ್ ಉಪವಾಸವೂ ಶುರು. ಹಾಗಾಗಿ ಊಟದ ಹೊತ್ತಿಗೆ ನಮ್ಮ ಉರ್ದು ಮೇಡಮ್ಮೂ ನಾನೂ ಕಿಟಕಿ ಪಕ್ಕ ಸುಮ್ನೆ ಕೂತಿದ್ದೆವು.

ಹೌದು, ಹಚ್ಚಿಕೊಳ್ಳುತ್ತೇವೆ. ಇದು ಚಿಕ್ಕ ಉತ್ತರ. ಆದರೆ "ಹಚ್ಚಿಕೊಳ್ಳುತ್ತೇವೆ" ಅನ್ನುವುದು ಸರಿಯಾದ ಮಾತಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಶಿವಭಕ್ತರ ವಿಭೂತಿ ಸಗಣಿಯನ್ನು ಸುಟ್ಟು ಮಾಡಿದ್ದು, ದಿನಾ ಇಡುವಂಥದ್ದು, ಮೂರು ಬೆರಳಿನ ಅಡ್ಡಪಟ್ಟೆ. ನಮ್ಮದು ಗರಿ ಸುಟ್ಟ ಬೂದಿ. ವರ್ಷಕ್ಕೊಮ್ಮೆ, ಶಿಲುಬೆಯ ಆಕಾರದಲ್ಲಿ. ಪಾಸ್ಕ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಒಂದು ವಾರ ಮುಂಚೆ ಗರಿಗಳ ಭಾನುವಾರ ಬರುತ್ತದೆ. ಯೇಸು ಜೆರುಸಲೇಮಿಗೆ ಬಂದಾಗ ಜನ ಗರಿ ಹಿಡಿದು ಜೈಕಾರ ಹಾಕಿದ ನೆನಪಿಗೆ ಅವತ್ತು ನಾವೂ ಗರಿ ಹಿಡಿದು ಮೆರವಣಿಗೆ ಹೋಗುತ್ತೇವೆ. ಕನಕಪುರದ ಕಡೆಯ ನಮ್ಮೂರಲ್ಲಿ ತೆಂಗಿನ ಗರಿ, ಈಚಲು ಗರಿ, ಯಾವುದು ಸಿಕ್ಕರೆ ಅದು. ಮನೆಗೆ ತಂದು ಶಿಲುಬೆ ಹೆಣೆದು ದೇವರ ಫೋಟೋ ಹಿಂದೆ ಸಿಕ್ಕಿಸುತ್ತೇವೆ. ವರ್ಷವಿಡೀ ಅದು ಅಲ್ಲೇ ಒಣಗುತ್ತದೆ, ಹಲ್ಲಿಗೆ ಮನೆಯಾಗುತ್ತದೆ. ಮುಂದಿನ ವರ್ಷ ತಪಸ್ಸು ಕಾಲ (ವಿಭೂತಿ ಬುಧವಾರದಿಂದ ಪಾಸ್ಕದವರೆಗಿನ ನಲವತ್ತು ದಿನ) ಹತ್ತಿರ ಬಂತು ಅಂದಾಗ ಅದನ್ನು ಚರ್ಚಿಗೆ ವಾಪಸ್ ಕೊಡಬೇಕು. ಅಂಗಳದಲ್ಲಿ ಹಳೇ ಬಾಣಲೆಯೊಳಗೆ ಹಾಕಿ ಸುಡುತ್ತಾರೆ. ತಣ್ಣಗಾದ ಮೇಲೆ ಪುಡಿ ಮಾಡಿ ತೆಳು ಬಟ್ಟೆಯಲ್ಲಿ ಸೋಸುತ್ತಾರೆ. ಒಂದು ಗೋಣಿಚೀಲ ಗರಿ ಸುಟ್ಟರೆ ಸಣ್ಣದೊಂದು ಡಬ್ಬಿ ಬೂದಿ ಸಿಗಬಹುದು, ಅಷ್ಟೇ. ಜೈಕಾರದ ಹಸಿರು ಗರಿಯೇ ಮುಂದಿನ ವರ್ಷದ ಬೂದಿ. ಚಿಕ್ಕವಳಿದ್ದಾಗ ನನಗಿದು ಲೆಕ್ಕ ಚುಕ್ತಾ ಮಾಡಿದ ಹಾಗೆ ಕಾಣುತ್ತಿತ್ತು.

ಕಾಲೇಜಿನ ದಿನಗಳಲ್ಲಿ ಒಂದು ವರ್ಷ ಬೂದಿ ತಯಾರಿಸುವ ಕೆಲಸ ನಮ್ಮ ಯುವಜನರ ಗುಂಪಿಗೆ ಬಂತು. ಬೂದಿ ಹಣೆಗೆ ಅಂಟುವುದಿಲ್ಲ, ಉದುರುತ್ತದೆ ಅಂತ ನಾವೇ ಬುದ್ಧಿವಂತಿಕೆ ಮಾಡಿ ನೀರು ಕಲಸಿ ಗಟ್ಟಿ ಮಾಡಿಟ್ಟೆವು. ಸಂಜೆ ಹೊತ್ತಿಗೆ ಅರ್ಧ ಊರಿಗೆ ಹಣೆ ಉರಿ! ಕೆಲವರಿಗಂತೂ ಶಿಲುಬೆಯ ಗುರುತು ಕೆಂಪಗೆ ಎದ್ದಿತ್ತು. ಬೂದಿಗೆ ನೀರು ಸೇರಿದರೆ ಕ್ಷಾರ ಆಗುತ್ತದೆ. ಹಿಂದೆ ಬೂದಿನೀರಲ್ಲಿ ಬಟ್ಟೆ ಒಗೆಯುತ್ತಿದ್ದದ್ದು ಅದಕ್ಕೇ ಅಲ್ವಾ. ಇದನ್ನೆಲ್ಲ ಪರೀಕ್ಷೆಗೆ ಓದಿದ್ದೆ, ಬೂದಿ ಕಲಸುವಾಗ ಒಂದೂ ನೆನಪಾಗಲಿಲ್ಲ. ಮಾರನೇ ವರ್ಷದಿಂದ ಒಣಬೂದಿ, ಹೆಚ್ಚೆಂದರೆ ಒಂದು ತೊಟ್ಟು ಎಣ್ಣೆ.

ಇನ್ನು ಹೆಸರಿನ ವಿಷಯ. ಕೆಲವರು ಬೂದಿ ಬುಧವಾರ ಅನ್ನುತ್ತಾರೆ, ನಮ್ಮ ಕಡೆ ವಿಭೂತಿ ಬುಧವಾರ. ಬೇರೆಯವರ ಪದವನ್ನು ಎತ್ತಿಕೊಂಡಿದ್ದೀರಿ ಅಂತ ಒಬ್ಬರು ನನ್ನ ಹತ್ತಿರ ವಾದಕ್ಕೇ ನಿಂತಿದ್ದರು. ನನ್ನಜ್ಜಿಗೆ ಅದು ಬೇರೆಯವರ ಪದ ಆಗಿರಲೇ ಇಲ್ಲ. ಅವರಿಗೆ ಗೊತ್ತಿದ್ದ ಭಾಷೆ ಕನ್ನಡ ಒಂದೇ. 17ನೇ ಶತಮಾನದ ನಡುವಿನಲ್ಲಿ ಇಟಲಿಯ ಜೆಸುಯಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣಕ್ಕೆ ಬಂದರು. ಮೈಸೂರು ಸೀಮೆಯ ಆ ಕಾಲದ ಪಾದ್ರಿಗಳು ಸಂನ್ಯಾಸಿಗಳ ಹಾಗೆ ಕಾವಿ ಉಟ್ಟು ಕನ್ನಡ ಕಲಿತವರು. ಬಲಿಪೂಜೆ, ಪರಮಪ್ರಸಾದ, ಗುರುಗಳು, ತಪಸ್ಸು ಕಾಲ, ನಮ್ಮ ಮಾತುಗಳೆಲ್ಲ ಈ ನೆಲದವೇ. ಮಂಗಳೂರಿನ ಕೊಂಕಣಿಯವರು ಇದೇ ಕಾಲವನ್ನು ಕರೆಜ್ಮ್ ಅನ್ನುತ್ತಾರೆ. ಅದು ಪೋರ್ಚುಗೀಸರಿಂದ ಬಂದದ್ದು, ಮೂಲದಲ್ಲಿ ನಲವತ್ತರ ಲೆಕ್ಕ. ಕೇರಳ ಮೂಲದ ಸಿರೋ ಮಲಬಾರ್ ಸಭೆಯವರಿಗೆ ಬುಧವಾರವೇ ಇಲ್ಲ, ಸೋಮವಾರವೇ ವಿಭೂತಿ. ಬೆಳ್ತಂಗಡಿಯಲ್ಲೋ ಭದ್ರಾವತಿಯಲ್ಲೋ ಆ ವಾರ ನೀವು ಸುತ್ತಾಡಿದರೆ ಎರಡು ದಿನ ಮುಂಚೆಯೇ ಹಣೆಯ ಮೇಲೆ ಬೂದಿ ಕಂಡೀತು.

ನಲವತ್ತು ಅಂದೆ. ತಕ್ಷಣ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಕ್ಯಾಲೆಂಡರ್ ತೆಗೆದು ಎಣಿಸಿದಳು. ಫೆಬ್ರವರಿ 18ರಿಂದ ಪಾಸ್ಕದ ಹಿಂದಿನ ದಿನ ಏಪ್ರಿಲ್ 4ರವರೆಗೆ 46 ದಿನ ಇದೆಯಲ್ಲ, ಮಿಸ್? ಶಭಾಷ್. ಅದರಲ್ಲಿ ಆರು ಭಾನುವಾರ ಕಳಿ. ಭಾನುವಾರ ಯೇಸು ಎದ್ದು ಬಂದ ದಿನ, ಅವತ್ತು ಉಪವಾಸ ಇಲ್ಲ. ಉಳಿದದ್ದು 40. ಯೇಸು ಬೆಂಗಾಡಿನಲ್ಲಿ ಉಪವಾಸ ಇದ್ದದ್ದು ನಲವತ್ತು ದಿನ. ಆ ಲೆಕ್ಕವೇ ಇದು. ಅವತ್ತು ಕಳೆಯುವ ಲೆಕ್ಕ ಬೇರೆ ಕೊಡಲಿಲ್ಲ.

ಆಮೇಲಿನ ಪ್ರಶ್ನೆ ಊಟದ್ದೇ. ನಿಯಮ ಕೇಳಿದರೆ ನಗುತ್ತೀರಿ, ಅಷ್ಟು ಸುಲಭ. ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ (ಗುಡ್ ಫ್ರೈಡೇ), ಎರಡೇ ದಿನ ಉಪವಾಸ. ಅದೂ ಒಂದು ಪೂರ್ತಿ ಊಟ, ಬೇಕಾದರೆ ಎರಡು ಸಣ್ಣ ಫಲಾಹಾರ. 18 ತುಂಬಿದವರಿಂದ 59ರವರೆಗಿನವರಿಗೆ ಮಾತ್ರ. ಶುಕ್ರವಾರಗಳಲ್ಲಿ ಮಾಂಸ ಬೇಡ, ಅದು 14 ದಾಟಿದವರಿಗೆಲ್ಲ. ಮೀನು ತಿನ್ನಬಹುದು. ಕರಾವಳಿಯವರಿಗೆ ಇದೂ ಒಂದು ತ್ಯಾಗವಾ ಅಂತ ನಾವು ಬಯಲುಸೀಮೆಯವರು ಕಾಲೆಳೆಯುತ್ತೇವೆ.

ನನ್ನಜ್ಜಿಗೆ ಈ ನಿಯಮವೆಲ್ಲ ಪಟ್ಟಣದವರ ಮಾತು. ಅವರದು ನಲವತ್ತೂ ದಿನ. ಮಂಗಳವಾರ ರಾತ್ರಿ ಮನೆಯಲ್ಲಿ ನಾಟಿಕೋಳಿ ಸಾರು, ಮುದ್ದೆ. ಎಲ್ಲರೂ ಉಂಡಾದ ಮೇಲೆ ಬಾಡಿನ ಮಡಕೆಯನ್ನು ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿ ಉಜ್ಜಿ ತೊಳೆಯುತ್ತಿದ್ದರು. ಮೂಸಿ ನೋಡುತ್ತಿದ್ದರು. ಮತ್ತೆ ತೊಳೆಯುತ್ತಿದ್ದರು. ಆಮೇಲೆ ಅಟ್ಟದ ಮೇಲೆ ಬೋರಲು ಹಾಕಿದರೆ ಮುಗಿಯಿತು, ಅದು ಇಳಿಯುವುದು ಪಾಸ್ಕಕ್ಕೇ. ಮಧ್ಯದಲ್ಲಿ ಯುಗಾದಿ ಬರುತ್ತಿತ್ತು. ಯುಗಾದಿಯ ಮಾರನೇ ದಿನದ ಹೊಸತೊಡಕು ಅಂದರೆ ನಮ್ಮ ಸೀಮೆಯಲ್ಲಿ ಗೊತ್ತಲ್ಲ, ಮನೆಮನೆಯಲ್ಲೂ ಬಾಡು. ಇಡೀ ಬೀದಿ ಮಸಾಲೆ ವಾಸನೆ, ನಮ್ಮ ಮನೆಯಲ್ಲಿ ಹುರುಳಿಕಾಳಿನ ಬಸ್ಸಾರು! ಪಕ್ಕದ ಮನೆಯವರು ಹಬ್ಬದ ದಿನವೇ ತಟ್ಟೆ ಹಿಡಿದು ಬರುತ್ತಿದ್ದರು. "ಅಕ್ಕ, ನಾಳೆ ನಿಮಗೆ ಬಾಡು ಆಗಕ್ಕಿಲ್ಲ, ಅದಕ್ಕೇ ಒಬ್ಬಟ್ಟು ಜಾಸ್ತಿ ತಂದಿವ್ನಿ." ಪಾಸ್ಕದ ದಿನ ಅಜ್ಜಿ ಅದೇ ತಟ್ಟೆಯ ತುಂಬ ಬಾಡು ಕಳಿಸುತ್ತಿದ್ದರು. ಈ ಸಲ ಹೊಸತೊಡಕು ಮಾರ್ಚ್ 20, ಅದೂ ಶುಕ್ರವಾರ. ನನ್ನ ಮಗ ಈಗಲೇ ಮುಖ ಸಪ್ಪೆ ಮಾಡಿಕೊಂಡಿದ್ದಾನೆ.

ಈಗಿನವರು "ಈ ಸಲ ಏನು ಬಿಟ್ಟಿದ್ದೀರಿ?" ಅಂತ ಕೇಳುತ್ತಾರೆ. ಒಬ್ಬರು ಕಾಫಿ, ಒಬ್ಬರು ಚಾಕೊಲೇಟ್. ವಾಟ್ಸಾಪ್ ಬಿಟ್ಟಿದ್ದೇನೆ ಅಂತ ವಾಟ್ಸಾಪಿನಲ್ಲೇ ಸ್ಟೇಟಸ್ ಹಾಕಿದವರನ್ನೂ ನೋಡಿದ್ದೇನೆ. ಬಿಡುವುದನ್ನು ಹೀಗಳೆಯುತ್ತಿಲ್ಲ, ನಾನೂ ಕಾಫಿ ಬಿಟ್ಟು ಮೂರನೇ ದಿನಕ್ಕೆ ಮನೆಯವರ ಮೇಲೆಲ್ಲ ರೇಗಿದವಳೇ. ಆದರೆ ಒಬ್ಬೊಬ್ಬರೇ ತಮಗೆ ಬೇಕಾದ್ದು ಬಿಡುವುದು ಒಂದು ಥರ ಪಥ್ಯ ಇದ್ದಂತೆ. ತಪಸ್ಸು ಕಾಲ ನನಗೆ ಶುರುವಾಗುವುದು ಆ ಬುಧವಾರದ ಸಾಲಿನಲ್ಲಿ.

ಬೆಳಿಗ್ಗೆ ಐದೂವರೆ. ಇನ್ನೂ ಕತ್ತಲು. ಒಳಗೆ ಹೋದರೆ ಪೀಠದ ಮೇಲೆ ಒಂದು ಹೂವೂ ಇಲ್ಲ, ನೇರಳೆ ಬಟ್ಟೆ ಮಾತ್ರ. ಅಲ್ಲೆಲೂಯ ಅನ್ನುವ ಪದವನ್ನು ಪಾಸ್ಕದ ಹಿಂದಿನ ರಾತ್ರಿವರೆಗೆ ಯಾರೂ ಹಾಡುವುದಿಲ್ಲ. ಪ್ರವಚನ ಮುಗಿದ ಮೇಲೆ ಫಾದರ್ ಬೂದಿಯ ಬಟ್ಟಲು ಹಿಡಿದು ಮುಂದೆ ಬರುತ್ತಾರೆ. ನಾವು ಸಾಲಾಗಿ ನಿಲ್ಲುತ್ತೇವೆ. ಗಂಡಸರು ಹಣೆ ಮೇಲೆ ಬಿದ್ದ ಕೂದಲು ಹಿಂದಕ್ಕೆ ತೀಡುತ್ತಾರೆ. ಹೆಂಗಸರು ಸೆರಗು ಸರಿಸಿ, ಸ್ಟಿಕ್ಕರ್ ಬೊಟ್ಟು ಕಿತ್ತು ಬಳೆಗೆ ಅಂಟಿಸಿಕೊಳ್ಳುತ್ತಾರೆ. ನನ್ನ ಮುಂದೆ ಬಾಣಂತನ ಮುಗಿಸಿ ಬಂದ ಹುಡುಗಿ, ಹೆಗಲ ಮೇಲೆ ಮೂರು ತಿಂಗಳ ಕೂಸು. ಹಿಂದೆ ಕೋಲೂರಿಕೊಂಡು ಬಂದ ಎಂಬತ್ತು ದಾಟಿದ ತಾತ. ಫಾದರ್ ಹೆಬ್ಬೆರಳು ಬೂದಿಯಲ್ಲದ್ದಿ ಹಣೆಗಿಡುತ್ತಾರೆ, ಆದಿಕಾಂಡದ ಮಾತು ಹೇಳುತ್ತಾರೆ: ನೀನು ಮಣ್ಣು, ಮರಳಿ ಮಣ್ಣಿಗೇ ಸೇರುವೆ. ಕೂಸಿಗೂ ಅದೇ ಮಾತು. ಕೂಸು ಅವರ ಬೆರಳು ಹಿಡಿಯಲು ನೋಡಿತು. ತಾತ ಮಾತು ಮುಗಿಯುವ ಮುಂಚೆಯೇ ಆಮೆನ್ ಅಂದರು.

ಬೂದಿಯ ಪುಡಿ ಮೂಗಿನ ಮೇಲೆ ಉದುರಿ ಸೀನು ಬರುತ್ತದೆ. ಎಲ್ಲರಿಗೂ ಇಟ್ಟಾದ ಮೇಲೆ ಫಾದರ್ ಬಟ್ಟಲನ್ನು ಮಕ್ಕಳಿಗೆ ಧರ್ಮಪಾಠ ಹೇಳುವ ನಮ್ಮ ಉಪದೇಶಿಯವರ ಕೈಗೆ ಕೊಟ್ಟು ತಾವು ತಲೆ ಬಗ್ಗಿಸುತ್ತಾರೆ. ವಾರವಾರ ನಮಗೆ ಬುದ್ಧಿ ಹೇಳುವವರಿಗೆ ಅವತ್ತು ಉಪದೇಶಿಯವರು ಹೇಳುತ್ತಾರೆ, ನೀನು ಮಣ್ಣು ಅಂತ. "ಹಚ್ಚಿಕೊಳ್ಳುತ್ತೇವೆ" ಅನ್ನುವುದು ಸರಿಯಲ್ಲ ಅಂದದ್ದು ಇದಕ್ಕೇ. ನಮ್ಮ ಹಣೆಗೆ ನಾವೇ ಇಟ್ಟುಕೊಳ್ಳುವುದಿಲ್ಲ, ಕನ್ನಡಿಯೂ ಇರುವುದಿಲ್ಲ. ಇನ್ನೊಬ್ಬರು ಇಡಬೇಕು. ನನ್ನ ಹಣೆಯ ಬೂದಿ ನನಗೆ ಕಾಣುವುದಿಲ್ಲ, ಎದುರಿಗಿದ್ದವರದ್ದು ಕಾಣುತ್ತದೆ. ಆ ಹೊತ್ತಿಗೆ ಹೋದ ತಿಂಗಳಷ್ಟೇ ಗಡಿಕಲ್ಲಿನ ವಿಚಾರಕ್ಕೆ ಜಗಳ ಆಡಿದ ಇಬ್ಬರು ದಾಯಾದಿಗಳು ಒಂದೇ ಬೆಂಚಿನಲ್ಲಿ ಕೂತಿದ್ದರು, ಇಬ್ಬರ ಹಣೆಯಲ್ಲೂ ಒಂದೇ ಬೂದಿ. ಮಾತಾಡಿದರಾ ಅಂತ ಕೇಳಬೇಡಿ. ಮಾತಾಡಲಿಲ್ಲ. ನಲವತ್ತು ದಿನ ಇದೆಯಲ್ಲ.

2021ರಲ್ಲಿ ಮಾತ್ರ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೋವಿಡ್ ಕಾಲ. ಹಣೆ ಮುಟ್ಟುವ ಹಾಗಿಲ್ಲ, ಮಾಸ್ಕ್ ಹಾಕಿಕೊಂಡು, ಮಾತನ್ನು ಎಲ್ಲರಿಗೂ ಸೇರಿ ಒಂದೇ ಸಲ ಹೇಳಿ, ಬೂದಿಯನ್ನು ತಲೆಯ ಮೇಲೆ ಉದುರಿಸಿ ಅಂತ ವ್ಯಾಟಿಕನ್ನಿನಿಂದಲೇ ಸೂಚನೆ ಬಂದಿತ್ತು. ಇಟಲಿಯಲ್ಲಿ ಮೊದಲಿನಿಂದಲೂ ತಲೆಗೇ ಹಾಕುವುದಂತೆ, ನಮಗದು ಹೊಸದು. ಗರಿಗೂ ಬರ. 2020ರ ಗರಿಗಳ ಭಾನುವಾರ ಲಾಕ್‌ಡೌನಿನಲ್ಲಿ ಹೋಗಿತ್ತು, ಮೆರವಣಿಗೆಯೂ ಇಲ್ಲ, ಗರಿಯೂ ಇಲ್ಲ. ಹಾಗಾಗಿ ಮನೆಗಳಲ್ಲಿ ಉಳಿದಿದ್ದ 2019ರ ಗರಿ ಹುಡುಕಿ ತಂದು ಸುಟ್ಟರು. ನಾನು ನಮ್ಮತ್ತೆಯ ದೇವರ ಫೋಟೋ ಹಿಂದಿನದ್ದು ಕೊಟ್ಟೆ. ಆ ಗರಿಯನ್ನು ಅಲ್ಲಿ ಸಿಕ್ಕಿಸಿದವರು ಅವರೇ. ಅವರು ಹೋಗಿ ಆಗ ನಾಲ್ಕು ತಿಂಗಳಾಗಿತ್ತು. ಸ್ಕೂಲಿಗೆ ಬಂದರೆ ಕೂದಲಲ್ಲಿದ್ದ ಬೂದಿ ಯಾರಿಗೂ ಕಾಣಲಿಲ್ಲ. ಸಂಜೆ ತಲೆ ಬಾಚಿದಾಗ ಬಾಚಣಿಗೆಗೆ ಬಂತು.

ಉಳಿದದ್ದೆಲ್ಲ ಬೇಗ ಹೇಳಬಹುದು. ಶುಕ್ರವಾರ ಸಂಜೆ ಶಿಲುಬೆ ಹಾದಿ, ಅಂದರೆ ಯೇಸು ಶಿಲುಬೆ ಹೊತ್ತು ನಡೆದ ದಾರಿಯನ್ನು ನೆನೆಯುವ ಪ್ರಾರ್ಥನೆ, 14 ಸ್ಥಳ, ಒಂದೊಂದು ವಾರ ಒಂದೊಂದು ಬೀದಿಯವರ ಸರದಿ. ನಮ್ಮ ಕ್ಯಾಥೊಲಿಕ್ ಸಭೆಯ ಸೇವಾಸಂಸ್ಥೆ ಕಾರಿತಾಸ್ ಇಂಡಿಯಾದ ಅಭಿಯಾನಕ್ಕೆ ಅಂತ ಮನೆಗೊಂದು ರಟ್ಟಿನ ಡಬ್ಬಿ ಕೊಡುತ್ತಾರೆ. ಬಿಟ್ಟ ಕಾಫಿಯ ದುಡ್ಡು ಅದಕ್ಕೆ ಬೀಳಬೇಕು, ಉಳಿತಾಯ ಖಾತೆಗಲ್ಲ. ನಮ್ಮ ಮನೆಯ ಡಬ್ಬಿಯಿಂದ ಹಾಲಿನವನಿಗೆ ಚಿಲ್ಲರೆ ಹೋಗಿದ್ದೂ ಉಂಟು, ಲೆಕ್ಕ ಬರೆದಿಟ್ಟಿದ್ದೇನೆ.

ಒಂದು ವಿಷಯ ಮಾತ್ರ ನನಗೆ ಇವತ್ತಿಗೂ ಇಕ್ಕಟ್ಟು. ಅದೇ ಬುಧವಾರ ಪೂಜೆಯಲ್ಲಿ ಓದುವ ಮತ್ತಾಯನ ಶುಭಸಂದೇಶದಲ್ಲಿ ಯೇಸು ಹೇಳುವುದೇನು ಗೊತ್ತಾ? ಉಪವಾಸ ಮಾಡುವಾಗ ತಲೆಗೆ ಎಣ್ಣೆ ಹಚ್ಚಿಕೊ, ಮುಖ ತೊಳೆದುಕೊ, ಜನರಿಗೆ ಗೊತ್ತಾಗದಿರಲಿ ಅಂತ. ಅದನ್ನು ಕೇಳಿದ ಹತ್ತು ನಿಮಿಷಕ್ಕೆ ನಾವು ಹಣೆಗೆ ಬೂದಿ ಇಡಿಸಿಕೊಂಡು ಊರ ಮುಂದೆ ಹೊರಡುತ್ತೇವೆ! ಒಮ್ಮೆ ಫಾದರ್ ಹತ್ತಿರ ಕೇಳಿದೆ, ಒರೆಸಿಕೊಳ್ಳಲಾ ಬೇಡವಾ ಅಂತ. "ಒರೆಸಿದರೆ ನಾಚಿಕೆಗಾ, ಉಳಿಸಿದರೆ ಜಂಬಕ್ಕಾ ಅಂತ ನೀವೇ ನೋಡಿಕೊಳ್ಳಿ ಟೀಚರಮ್ಮ" ಅಂದರು. ಎರಡೂ ಸ್ವಲ್ಪ ಸ್ವಲ್ಪ ಇದೆ ಅಂತ ನನಗೆ ಗೊತ್ತು.

ಹಾಗಾಗಿ ಒರೆಸುವುದಿಲ್ಲ, ಕಾಪಾಡಿಕೊಳ್ಳುವುದೂ ಇಲ್ಲ. ಫೆಬ್ರವರಿಯ ಬಿಸಿಲು, ನಮ್ಮ ಕ್ಲಾಸಿನ ಫ್ಯಾನು ಕೆಟ್ಟು ಎರಡು ವಾರ ಆಗಿತ್ತು. ನಾಲ್ಕನೇ ಪೀರಿಯಡ್ ಹೊತ್ತಿಗೆ ಬೆವರಿಗೆ ಬೂದಿ ಇಳಿದು, ಚಾಕ್‌ಪೀಸ್ ಧೂಳೂ ಸೇರಿ ಯಾವುದು ಏನು ಅಂತ ತಿಳಿಯುವ ಹಾಗಿರಲಿಲ್ಲ. ಬೆಳಿಗ್ಗೆ ರಜೆ ಹಾಕಿ ಮಧ್ಯಾಹ್ನ ಬಂದ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ.

"ಮಿಸ್, ಹಣೆ ಮೇಲೆ ಏನೋ ಹತ್ತಿದೆ."