ತುಳುವಿನಲ್ಲಿ ಹೇಳಿದ್ದು, ಮಲಯಾಳದಲ್ಲಿ ಬರೆದದ್ದು

ಕಾಸರಗೋಡಿನ ಕೊರಗ ಅಥವಾ ಮಾವಿಲ ಎಂಬ ಪರಿಶಿಷ್ಟ ಪಂಗಡದ ಹೆಣ್ಣುಮಗಳೊಬ್ಬಳ ಮೇಲಾದ ಲೈಂಗಿಕ ದೌರ್ಜನ್ಯದ ದೂರು ಪೊಲೀಸ್ ಸ್ಟೇಷನ್ ತಲುಪಿತೆನ್ನಿ. ಆಕೆ ತುಳುವಿನಲ್ಲಿ ‘ಕೈ ಪತ್ತ್‌ದ್ ಒಯ್ತೆ’ ಅನ್ನುತ್ತಾಳೆ, ಕೈ ಹಿಡಿದು ಎಳೆದ ಅಂತ. ಬರೆಯುವವರು ಮಲಯಾಳದಲ್ಲಿ ‘ಕೂಟ್ಟಿಕ್ಕೊಂಡು ಪೋಯಿ’ ಎಂದು ಗೀಚಿದರೆ, ಕರೆದುಕೊಂಡು ಹೋದ ಎಂದಾಯಿತು. ಎಳೆದದ್ದು ಕಾಗದದಲ್ಲೇ ಇಲ್ಲ. ನಾಳೆ ಕೋರ್ಟಿನಲ್ಲಿ ಆರೋಪಿಯ ವಕೀಲರು ಹಿಡಿದುಕೊಳ್ಳುವುದು ಅದೇ ಪದವನ್ನು: ನೀನಾಗಿಯೇ ಹೋದೆಯಲ್ಲವೇ?

ಹಾಗಾಗಿ ಎರಡೂ ಭಾಷೆ ಬಲ್ಲ, ಆಕೆಗೆ ನಂಬಿಕೆಯಿರುವ ಹೆಂಗಸೊಬ್ಬರು ಜೊತೆಗಿರಲಿ. ಪರಿಶಿಷ್ಟ ಪಂಗಡದವರಿಗೆ ಸರ್ಕಾರದ ನೆರವು ತಲುಪಿಸುವ ಎಸ್‌ಟಿ ಪ್ರಮೋಟರ್, ಆಶಾ ಕಾರ್ಯಕರ್ತೆ, ಯಾರಾದರೂ ಸರಿ. 18 ತುಂಬದ ಹುಡುಗಿಗೆ ಭಾಷೆ ಅರ್ಥವಾಗದಿದ್ದರೆ ದುಭಾಷಿಯನ್ನು ಒದಗಿಸಲೇಬೇಕೆಂದು ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಹೇಳುತ್ತದೆ. ಅವಳನ್ನು ರಾತ್ರಿ ಸ್ಟೇಷನ್ನಿನಲ್ಲಿ ಕೂರಿಸುವಂತೆಯೂ ಇಲ್ಲ. ಬಾಯಲ್ಲಿ ಹೇಳಿದ ದೂರನ್ನು ಬರೆದ ಮೇಲೆ ಓದಿ ಹೇಳಿಯೇ ಸಹಿ ಪಡೆಯಬೇಕು: ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ 4ನೇ ಸೆಕ್ಷನ್. ಬೇಕೆಂದೇ ತಪ್ಪಿದ ಅಧಿಕಾರಿ ಪರಿಶಿಷ್ಟರಲ್ಲದಿದ್ದರೆ 6 ತಿಂಗಳಿಂದ 1 ವರ್ಷ ಜೈಲು. ಓದಿದ್ದನ್ನು ಸಾಲು ಸಾಲಾಗಿ ತುಳುವಿಗೆ ತಿರುಗಿಸಿ ಆಕೆಗೆ ಕೇಳಿಸಿ. ಹೌದು, ಹೊತ್ತು ಹಿಡಿಯುತ್ತದೆ. ತಿದ್ದಿಸಿದ ಮೇಲೆಯೇ ಹೆಬ್ಬೆಟ್ಟು.

ಆಸ್ಪತ್ರೆಗೆ ಹೋಗಲು ಎಫ್‌ಐಆರ್‌ಗಾಗಿ ಕಾಯಬೇಡಿ. ಗರ್ಭ ತಡೆಯುವ, ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಬೇಗನಾದಷ್ಟೂ ಒಳ್ಳೆಯದು. ಸಾಧ್ಯವಾದರೆ ಸ್ನಾನ ಮಾಡದೆ ಹೋಗಲಿ; ಮಾಡಿದ್ದರೂ ಹೋಗಲಿ. ಆ ಹೊತ್ತಿನ ಬಟ್ಟೆ ಒಗೆಯಬೇಡಿ. ಒದ್ದೆಯಿದ್ದರೆ ನೆರಳಲ್ಲಿ ಆರಿಸಿ, ಒಂದೊಂದನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿ. ಪ್ಲಾಸ್ಟಿಕ್ ತೊಟ್ಟೆಗೆ ತುಂಬಿದರೆ, ನಮ್ಮ ಮಳೆಗಾಲದಲ್ಲಂತೂ, ಒಳಗೆ ಬೆವರಿ ಬೂಷ್ಟು ಹಿಡಿದು ಸಾಕ್ಷ್ಯ ಕೊಳೆಯುತ್ತದೆ. ಯೋನಿಯೊಳಗೆ ಬೆರಳಿಟ್ಟು ನೋಡುವ ‘ಎರಡು ಬೆರಳಿನ ಪರೀಕ್ಷೆ’ ಮಾಡಕೂಡದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಖಡಾಖಂಡಿತವಾಗಿ ಹೇಳಿದೆ. ಖಾಸಗಿ ಆಸ್ಪತ್ರೆಯೂ ಚಿಕಿತ್ಸೆಗೆ ದುಡ್ಡು ಕೇಳುವಂತಿಲ್ಲ.

ಎಫ್‌ಐಆರ್ ಪ್ರತಿ ಕೈಗೆ ಬಂದ ತಕ್ಷಣ ಸೆಕ್ಷನ್‌ಗಳನ್ನು ನೋಡಿ. ಆರೋಪಿ ಪರಿಶಿಷ್ಟನಲ್ಲದಿದ್ದೂ ದೌರ್ಜನ್ಯ ತಡೆ ಕಾಯ್ದೆಯ ಹೆಸರಿಲ್ಲದಿದ್ದರೆ ನಷ್ಟ ದೊಡ್ಡದು. ಅದಿದ್ದರೆ ತನಿಖೆ ಡಿವೈಎಸ್‌ಪಿಗೆ ಹೋಗುತ್ತದೆ, ನಿರೀಕ್ಷಣಾ ಜಾಮೀನು ಸಿಗುವುದು ಕಷ್ಟ, ಪರಿಹಾರಕ್ಕೂ ದಾರಿಯಾಗುತ್ತದೆ. ಬಿಟ್ಟುಹೋಗಿದ್ದರೆ ಜಿಲ್ಲಾ ಪೊಲೀಸ್ ಮುಖ್ಯಸ್ಥರಿಗೆ ಅರ್ಜಿ ಬರೆಯಿರಿ. ವಕೀಲರು ಬೇಕಿದ್ದರೆ 15100ಕ್ಕೆ ಫೋನ್ ಮಾಡಿ, ಉಚಿತ. ಅರ್ಜಿ ಕನ್ನಡದಲ್ಲೇ ಇರಲಿ: 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಇಲ್ಲಿನ ಕನ್ನಡಿಗರಿಗೆ ಆ ಹಕ್ಕು ಕೊಟ್ಟಿದೆ. ‘ಕೈ ಪತ್ತ್‌ದ್ ಒಯ್ತೆ’ ಎಂಬ ಆಕೆಯ ಮಾತನ್ನು ಕನ್ನಡ ಲಿಪಿಯಲ್ಲಿ, ಇದ್ದ ಹಾಗೆಯೇ, ಅದರಲ್ಲಿ ಬರೆಯಿರಿ.