ಯಾವ ಯೂಸರ್ ಹಾಗೆ ಮಾಡ್ತಾನೆ ಅಂತ ಕೇಳುವವರಿಗೆ

"ಅಲ್ಲ, ಯಾವ ಯೂಸರ್ ಹಾಗೆ ಮಾಡ್ತಾನೆ ಹೇಳಿ?"

ಟೆಸ್ಟಿಂಗ್ ಕೆಲಸಕ್ಕೆ ಸೇರಿದಾಗಿನಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಡೆವಲಪರ್‌ಗಳು ಕೇಳುತ್ತಾರೆ, ಮ್ಯಾನೇಜರ್‌ಗಳು ಕೇಳುತ್ತಾರೆ, ನನ್ನ ಕೆಲಸ ಏನು ಅಂತ ವಿವರಿಸಿದರೆ ಮನೆಗೆ ಬಂದ ನೆಂಟರೂ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದರ ಲಿಂಕ್ ಕಳಿಸುತ್ತೇನೆ.

ವಿಷಯ ಇಷ್ಟೇ. ಸಾಫ್ಟ್‌ವೇರನ್ನು ಸರಿಯಾಗಿ ಬಳಸಿದಾಗ ಸರಿಯಾಗಿ ನಡೆಯುತ್ತದಾ ಅಂತ ನೋಡುವುದು ಒಂದು. ತಪ್ಪು ಮಾಹಿತಿ ಕೊಟ್ಟಾಗ, ಅರ್ಧಕ್ಕೆ ಕೈಬಿಟ್ಟಾಗ, ಒತ್ತಬಾರದ ಹೊತ್ತಿನಲ್ಲಿ ಒತ್ತಿದಾಗ ಅದು ಏನು ಮಾಡುತ್ತದೆ ಅಂತ ನೋಡುವುದು ಇನ್ನೊಂದು. ಈ ಎರಡನೆಯದಕ್ಕೆ ನೆಗೆಟಿವ್ ಟೆಸ್ಟಿಂಗ್ ಅನ್ನುತ್ತಾರೆ. ವಯಸ್ಸಿನ ಜಾಗದಲ್ಲಿ ಮೈನಸ್ 5 ಹಾಕುವುದು, ಹುಟ್ಟಿದ ದಿನ ಫೆಬ್ರವರಿ 30 ಅನ್ನುವುದು, ಫೋಟೋ ಕೇಳಿದ ಕಡೆ ಎಕ್ಸೆಲ್ ಫೈಲ್ ಕೊಡುವುದು. ದಿನವಿಡೀ ನಾನು ಮಾಡುವುದು ಇದನ್ನೇ.

ಒಮ್ಮೆ ಬಿಲ್ ಕಟ್ಟುವ ಆ್ಯಪ್ ಒಂದರ ಟೀಮ್‌ನಲ್ಲಿದ್ದೆ. 'ಪಾವತಿಸಿ' ಒತ್ತಿ ಲಿಫ್ಟ್ ಹತ್ತಿದೆ. ಬಾಗಿಲು ಮುಚ್ಚಿತು, ನೆಟ್‌ವರ್ಕ್ ಹೋಯಿತು. ಸ್ಕ್ರೀನ್ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಹಿಂದಿನ ಪುಟಕ್ಕೆ ಬಂದು ಮತ್ತೆ ಒತ್ತಿದೆ. ಕೆಳಗೆ ಇಳಿದು ನೋಡಿದರೆ ಟೆಸ್ಟ್ ಖಾತೆಯಿಂದ ಎರಡು ಸಲ ಹಣ ಕಟ್ ಆಗಿತ್ತು. ಮೊದಲ ಸಲ ಒತ್ತಿದ್ದು ಸರ್ವರ್‌ಗೆ ತಲುಪಿತ್ತು, ಉತ್ತರ ಮಾತ್ರ ನನ್ನ ಫೋನಿಗೆ ಬಂದಿರಲಿಲ್ಲ. ನೆಟ್‌ವರ್ಕ್ ಬಂದ ಕೂಡಲೇ ಎರಡನೆಯದೂ ಹೋಗಿ ಕೂತಿತ್ತು.

ಇದನ್ನು ಬಗ್ (ದೋಷ) ಅಂತ ದಾಖಲಿಸಿದೆ. ಮೀಟಿಂಗ್‌ನಲ್ಲಿ ಟೀಮ್ ಲೀಡ್ ಅದನ್ನು ಜೋರಾಗಿ ಓದಿ, "ಲಿಫ್ಟ್ ಒಳಗೆ ನಿಂತು ಯಾರ್ರೀ ಕರೆಂಟ್ ಬಿಲ್ ಕಟ್ತಾರೆ?" ಅಂದರು. ಎಲ್ಲರೂ ನಕ್ಕರು. ಬಗ್‌ಗೆ 'ಲೋ ಪ್ರಯಾರಿಟಿ' ಅಂತ ಪಟ್ಟಿ ಬಿತ್ತು.

ಯಾರು ಕಟ್ತಾರೆ ಅಂತ ಅವತ್ತೇ ಹೇಳಿದೆ. ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಗಾಡಿ ತೆಗೆಯುತ್ತಾ ಕಟ್ಟುತ್ತಾರೆ. ಮೆಟ್ರೋ ಸುರಂಗದೊಳಗೆ ಕಟ್ಟುತ್ತಾರೆ. ಶಿರಾಡಿ ಘಾಟಿ ಇಳಿಯುವ ಬಸ್ಸಿನಲ್ಲಿ ಕೂತು ಕಟ್ಟುತ್ತಾರೆ. ಇವತ್ತೇ ಕೊನೇ ದಿನ ಅಂತ ನೆನಪಾದವರು ಎಲ್ಲಿದ್ದಾರೋ ಅಲ್ಲೇ ಕಟ್ಟುತ್ತಾರೆ. ಇದಕ್ಕೆ ಪರಿಹಾರ ದೊಡ್ಡದೇನೂ ಅಲ್ಲ. ಪ್ರತಿ ಪಾವತಿಗೂ ಆ್ಯಪ್ ಒಂದು ಗುರುತಿನ ಸಂಖ್ಯೆ ಕೊಡಬೇಕು. ಅದೇ ಸಂಖ್ಯೆ ಮತ್ತೆ ಬಂದರೆ ಸರ್ವರ್ ಹೊಸದಾಗಿ ಹಣ ಕಡಿಯದೆ ಹಳೆಯ ಉತ್ತರವನ್ನೇ ಕಳಿಸಬೇಕು. ನಾನು ಹಟ ಹಿಡಿದೆ. ಕೊನೆಗೆ ಹಾಗೇ ಮಾಡಿದರು.

ನನಗೆ ಸಿಟ್ಟು ಬರುವುದು ಪ್ರಶ್ನೆಯ ಧಾಟಿಗೆ. "ಯಾರು ಹಾಗೆ ಮಾಡ್ತಾರೆ" ಅನ್ನುವಾಗ ಕೇಳುವವರ ಮನಸ್ಸಿನಲ್ಲಿ ಒಬ್ಬ ದಡ್ಡ ಇರುತ್ತಾನೆ. ಅವನಿಗೋಸ್ಕರ ಇಷ್ಟೆಲ್ಲ ಯಾಕೆ ಅಂತ ಅವರ ವಾದ. ಅಂಥವರಿಗೆ ಥೆರಾಕ್-25ರ ಕತೆ ಹೇಳುತ್ತೇನೆ.

ಅದು ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ಕೊಡುವ ಯಂತ್ರ. ತಯಾರಿಸಿದ್ದು ಕೆನಡಾದ ಎಇಸಿಎಲ್ ಅನ್ನುವ ಸಂಸ್ಥೆ. 1986ರ ಮಾರ್ಚ್‌ನಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದ ಟೈಲರ್ ಊರಿನ ಆಸ್ಪತ್ರೆಯಲ್ಲಿ ಅದನ್ನು ನಡೆಸುತ್ತಿದ್ದ ಆಪರೇಟರ್ ಎಲೆಕ್ಟ್ರಾನ್ ಕಿರಣಕ್ಕೆ 'ಇ' ಒತ್ತುವ ಬದಲು ಎಕ್ಸ್‌ರೇಗೆ ಇದ್ದ 'ಎಕ್ಸ್' ಒತ್ತಿದರು. ತಕ್ಷಣ ಗೊತ್ತಾಯಿತು. ಕರ್ಸರ್ ಮೇಲೆ ಒಯ್ದು ತಿದ್ದಿ ಬೇಗ ಬೇಗ ಕೆಳಗೆ ಬಂದರು. ಅನುಭವ ಇದ್ದವರು, ಕೈ ವೇಗವಾಗಿತ್ತು. ಎಲ್ಲ 8 ಸೆಕೆಂಡಿನೊಳಗೆ ಮುಗಿದಿತ್ತು. ಯಂತ್ರದ ಅಯಸ್ಕಾಂತಗಳು ಸಜ್ಜಾಗಲು ಸುಮಾರು ಅಷ್ಟೇ ಹೊತ್ತು ಬೇಕಿತ್ತು. ಆ ಹೊತ್ತಿನೊಳಗೆ ಮಾಡಿದ ತಿದ್ದುಪಡಿಯನ್ನು ಸಾಫ್ಟ್‌ವೇರ್ ಗಮನಿಸಲಿಲ್ಲ. ಸ್ಕ್ರೀನ್ ಮೇಲೆ ಎಲ್ಲ ಸರಿಯಾಗಿ ಕಾಣುತ್ತಿತ್ತು. ರೋಗಿಗೆ ಬಿದ್ದ ವಿಕಿರಣ ಮಾತ್ರ ಕೊಡಬೇಕಾದ್ದಕ್ಕಿಂತ ಹಲವು ಪಟ್ಟು ಜಾಸ್ತಿ. ಕೆಲವು ತಿಂಗಳ ನಂತರ ಅವರು ತೀರಿಕೊಂಡರು. ಮುಂದಿನ ತಿಂಗಳೇ ಅದೇ ಆಸ್ಪತ್ರೆಯಲ್ಲಿ ಇನ್ನೊಬ್ಬರಿಗೆ ಹೀಗೇ ಆಯಿತು. 1985ರಿಂದ 1987ರವರೆಗೆ ಈ ಮಾಡೆಲ್ ಯಂತ್ರಗಳಿಂದ ಒಟ್ಟು 6 ಅವಘಡಗಳು.

ಆಸ್ಪತ್ರೆಯ ಭೌತವಿಜ್ಞಾನಿ ಆ ಆಪರೇಟರ್ ಜೊತೆ ಕೂತು ಅದೇ ಕೀಗಳನ್ನು ಮತ್ತೆ ಮತ್ತೆ ಒತ್ತಿಸಿ ಕಾರಣ ಹಿಡಿದರು. ನಿಧಾನವಾಗಿ ಟೈಪ್ ಮಾಡಿದರೆ ತೊಂದರೆ ಕಾಣುತ್ತಲೇ ಇರಲಿಲ್ಲ. ಹಿಂದಿನ ಮಾಡೆಲ್‌ನಲ್ಲಿ ಇಂಥ ತಪ್ಪನ್ನು ತಡೆಯಲು ಹಾರ್ಡ್‌ವೇರ್ ತಡೆ ಇತ್ತು. ಇದರಲ್ಲಿ ಅದನ್ನು ತೆಗೆದು ಸಾಫ್ಟ್‌ವೇರ್ ಮೇಲೇ ಭಾರ ಹಾಕಿದ್ದರು. ಈಗ ಹೇಳಿ, ಯಾವ ದಡ್ಡ ಹಾಗೆ ಮಾಡಿದ? ಟೈಪಿಂಗ್ ತಪ್ಪನ್ನು ಬೇಗ ತಿದ್ದಿಕೊಳ್ಳುವವರು ನಾವೆಲ್ಲರೂ ಅಲ್ವಾ?

ಎಷ್ಟೋ ಸಲ ಮನುಷ್ಯರೇ ಬೇಕಾಗಿಲ್ಲ. 1988ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಬಾರ್ಟನ್ ಮಿಲ್ಲರ್ ಮನೆಯಿಂದ ಫೋನ್ ಲೈನ್ ಮೂಲಕ ಕೆಲಸ ಮಾಡುತ್ತಿದ್ದಾಗ ಗುಡುಗು ಮಳೆಗೆ ಲೈನಿನಲ್ಲಿ ಕಸದ ಅಕ್ಷರಗಳು ಸೇರಿಕೊಂಡವು. ಪ್ರೋಗ್ರಾಂಗಳು ಪಟಪಟ ಬಿದ್ದವು. ಅವರು ಅದನ್ನೇ ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಕೊಟ್ಟರು: ಯುನಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂನ ಸಣ್ಣ ಪ್ರೋಗ್ರಾಂಗಳಿಗೆ ಬಾಯಿಗೆ ಬಂದ ಅಕ್ಷರಗಳನ್ನು ಉಣಿಸಿ ಅಂತ. ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಕೆಟ್ಟು ನಿಂತವು. ಇವತ್ತು ಫಝಿಂಗ್ ಅನ್ನುವುದು ಅದಕ್ಕೇ. ಇನ್ನು ಬೇಕೆಂದೇ ತಪ್ಪು ಕೊಡುವ ಕಳ್ಳರ ವಿಷಯಕ್ಕೆ ಬಂದರೆ 2014ರಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ಅನ್ನುವ ಬಗ್ ಒಂದೇ ಸಾಕು. ಚಿಕ್ಕ ಸಂದೇಶ ಕಳಿಸಿ ಅದು 64 ಕೆಬಿ ಇದೆ ಅಂತ ಸುಳ್ಳು ಹೇಳಿದರೆ, ಸರ್ವರ್ ನಂಬಿ ಅಷ್ಟು ತುಂಬುವವರೆಗೆ ತನ್ನ ಮೆಮೊರಿಯಲ್ಲಿ ಪಕ್ಕದಲ್ಲಿದ್ದದ್ದನ್ನು ಸೇರಿಸಿ ವಾಪಸ್ ಕೊಡುತ್ತಿತ್ತು.

ಇನ್ನೊಂದು ವಿಷಯ ನನ್ನನ್ನು ಇದಕ್ಕಿಂತ ಜಾಸ್ತಿ ಕಾಡುತ್ತದೆ. ತಪ್ಪು ಇನ್‌ಪುಟ್ ಅಂತ ನಾವು ತಳ್ಳಿಹಾಕುವುದು ಬಹಳ ಸಲ ಒಬ್ಬರ ನಿಜವಾದ ಹೆಸರು. 'ಲಕ್ಷ್ಮಿ' ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ ಎರಡೇ ಅಕ್ಷರ. ಕಂಪ್ಯೂಟರ್ ಅಕ್ಷರಗಳಿಗೆ ಬಳಸುವ ಯೂನಿಕೋಡ್ ಪಟ್ಟಿಯಲ್ಲಿ 7 ಸಂಕೇತಗಳು, ಅವನ್ನು ಉಳಿಸಿಡುವ ಯುಟಿಎಫ್-8 ವಿಧಾನದಲ್ಲಿ 21 ಬೈಟ್. ಹೆಸರಿಗೆ 20 ಬೈಟ್ ಸಾಕು ಅಂತ ಯಾರಾದರೂ ಅಂದುಕೊಂಡಿದ್ದರೆ ಕೊನೆಯ ಗುಡಿಸು ಅಲ್ಲೇ ತುಂಡಾಗುತ್ತದೆ. ವಯಸ್ಸು '೨೫' ಅಂತ ಕನ್ನಡ ಅಂಕಿಯಲ್ಲಿ ಬರೆದರೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಅದನ್ನು ಸಂಖ್ಯೆಯಾಗಿ ಒಪ್ಪಿಕೊಳ್ಳುತ್ತದೆ, ಜಾವಾಸ್ಕ್ರಿಪ್ಟ್ ಅನ್ನುವ ಇನ್ನೊಂದು ಭಾಷೆ ಒಪ್ಪುವುದಿಲ್ಲ. ಇನ್ನು 'ಲಾಸ್ಟ್ ನೇಮ್' ಕಡ್ಡಾಯ ಅನ್ನುವ ಫಾರಂಗಳು. ನಮ್ಮಲ್ಲಿ ಎಷ್ಟೋ ಜನರಿಗೆ ಸರ್‌ನೇಮ್ ಇಲ್ಲ, ಇನಿಷಿಯಲ್ ಮಾತ್ರ. 'ಕೆ' ಅಂತ ಹಾಕಿದರೆ "ಸರಿಯಾದ ಹೆಸರು ನಮೂದಿಸಿ" ಅನ್ನುತ್ತದೆ. ಹುಟ್ಟಿದಾಗಿನಿಂದ ಅದೇ ಹೆಸರು ಇಟ್ಟುಕೊಂಡವರಿಗೆ!

ಹಾಗಾಗಿ "ಯಾರು ಹಾಗೆ ಮಾಡ್ತಾರೆ" ಅಂತ ಕೇಳಬೇಡಿ. "ಹಾಗೆ ಮಾಡಿದವರಿಗೆ ನಾವು ಏನು ಹೇಳಬೇಕು?" ಅಂತ ಕೇಳಿ. ಇದನ್ನು ಯಾರೂ ಕೇಳುವುದಿಲ್ಲ. ಟೈಲರ್‌ನ ಆ ಯಂತ್ರ ಸುಮ್ಮನೆ ಇರಲಿಲ್ಲ, ಸ್ಕ್ರೀನ್ ಮೇಲೆ 'ಮಾಲ್‌ಫಂಕ್ಷನ್ 54' ಅಂತ ತೋರಿಸಿತ್ತು. 54 ಅಂದರೇನು, ಎಷ್ಟು ಅಪಾಯ, ಏನು ಮಾಡಬೇಕು, ಒಂದೂ ಗೊತ್ತಾಗುವಂತಿರಲಿಲ್ಲ. ಇಂಥ ಸಂದೇಶಗಳು ಆಗಾಗ ಬರುತ್ತಿದ್ದವು. ಆಪರೇಟರ್ ಮುಂದುವರಿಸುವ 'ಪಿ' ಕೀ ಒತ್ತಿದರು. ಎರಡನೇ ಸಲವೂ ವಿಕಿರಣ ಬಿತ್ತು.

ಸಾಫ್ಟ್‌ವೇರ್ ಏನೇನು ಮಾಡಬೇಕು ಅಂತ ಬರೆದು ನನ್ನ ಕೈಗೆ ಕೊಡುವ ರಿಕ್ವೈರ್‌ಮೆಂಟ್‌ಗಳಲ್ಲಿ ಪಿನ್ ಸರಿ ಇದ್ದಾಗ ಏನಾಗಬೇಕು ಅಂತ ಪುಟಗಟ್ಟಲೆ ಇರುತ್ತದೆ. ಪಿನ್ ತಪ್ಪಾದರೆ "ಎರರ್ ತೋರಿಸಿ" ಅನ್ನುವ ಒಂದೇ ಸಾಲು. ಯಾವ ಎರರ್? ಹಣ ಹೋಗಿದೆಯಾ ಇಲ್ಲವಾ? ಮತ್ತೆ ಒತ್ತಬಹುದಾ, ಕಾಯಬೇಕಾ? ಟೈಪ್ ಮಾಡಿದ್ದೆಲ್ಲ ಹಾಗೇ ಉಳಿದಿರುತ್ತದಾ, ಮೊದಲಿನಿಂದ ತುಂಬಬೇಕಾ? ಇವಕ್ಕೆ ಉತ್ತರ ಬರೆದಿರದೆ ಇದ್ದರೆ ಡೆವಲಪರ್ ತನಗೆ ತೋಚಿದ್ದು ಮಾಡುತ್ತಾನೆ. ಅದು ಸರಿಯೋ ತಪ್ಪೋ ಅಂತ ನಾನು ಯಾವುದರ ಜೊತೆ ಹೋಲಿಸಿ ನೋಡಲಿ?

ಕೋಡ್ ಬರೆಯುವ ಮೊದಲು, ಸ್ಟೋರಿ (ಯೂಸರ್‌ಗೆ ಏನು ಬೇಕು ಅನ್ನುವ ವಿವರಣೆ) ಬರೆಯುವ ದಿನವೇ ನನ್ನನ್ನು ಕರೆಯಿರಿ. ಈ ಪ್ರಶ್ನೆಗಳನ್ನೆಲ್ಲ ನಾನೇ ಹಿಡಿದುಕೊಂಡು ಬರುತ್ತೇನೆ.